ಡ್ರ್ಯಾಗನ್ ಪುಸ್ತಕದ ಒಂಬತ್ತನೆಯ ಅಧ್ಯಾಯ ಮುಗಿದ ಮೇಲೆ

ಕಂಪೈಲರ್ ವಿಷಯ ಬೋಧಿಸುವ ಅಧ್ಯಾಪಕರ ಬಳಿ, ರಕ್ಷಾಪುಟದಲ್ಲಿ ಡ್ರ್ಯಾಗನ್ ಚಿತ್ರವಿರುವ ದಪ್ಪ ಪುಸ್ತಕವೊಂದು ಇದ್ದೇ ಇರುತ್ತದೆ. ಆಲ್ಫ್ರೆಡ್ ಏಹೋ ಮತ್ತು ಜೆಫ್ರಿ ಉಲ್‌ಮನ್ 1977ರಲ್ಲಿ ಹೊರತಂದ ಪುಸ್ತಕ ಇದರ ಹಿರಿಯಣ್ಣ. 1986ರಲ್ಲಿ ರವಿ ಸೇಥಿ ಅವರನ್ನು ಜೊತೆಗೆ ಸೇರಿಸಿಕೊಂಡು ಇವರು ಬರೆದದ್ದು ‘ಕಂಪೈಲರ್ಸ್: ಪ್ರಿನ್ಸಿಪಲ್ಸ್, ಟೆಕ್ನಿಕ್ಸ್ ಅಂಡ್ ಟೂಲ್ಸ್’. 2006ರ ಎರಡನೆಯ ಆವೃತ್ತಿಗೆ ಮೋನಿಕಾ ಲ್ಯಾಮ್ ಕೂಡ ಕೈಜೋಡಿಸಿದರು. ಏಹೋ ಮತ್ತು ಉಲ್‌ಮನ್ ಅವರಿಗೆ 2020ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಾಗ ಅವರ ಸಂಶೋಧನೆಯ ಜೊತೆಗೆ ಈ ಪುಸ್ತಕಗಳ ಪ್ರಭಾವವನ್ನೂ ಹೆಸರಿಸಲಾಯಿತು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಬಹುಕಾಲದಿಂದ ಇದೇ ಪಠ್ಯ. ಇಷ್ಟು ಗಟ್ಟಿಯಾದ ಪುಸ್ತಕವನ್ನು ವಿಮರ್ಶಿಸಲು ಕಾರಣವೇನೆಂದು ನೀವು ಕೇಳಬಹುದು. ನನ್ನ ತಕರಾರು ಅದರ ಒಂಬತ್ತನೆಯ ಅಧ್ಯಾಯದಲ್ಲಿ ಇರುವುದರ ಬಗ್ಗೆ ಅಲ್ಲ, ಅಲ್ಲಿ ಇಲ್ಲದ್ದರ ಬಗ್ಗೆ.

ಮೊದಲು ವಿಷಯವನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಕಂಪೈಲರ್ ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವುದಷ್ಟೇ ಅಲ್ಲ, ತರುವ ದಾರಿಯಲ್ಲಿ ಅದನ್ನು ಚುರುಕುಗೊಳಿಸುತ್ತದೆ. ಅ + ಬ ಎಂಬ ಮೊತ್ತವನ್ನು ಒಮ್ಮೆ ಲೆಕ್ಕ ಹಾಕಿದ್ದು, ಆಮೇಲೆ ಅ ಆಗಲಿ ಬ ಆಗಲಿ ಬದಲಾಗಿಲ್ಲವೆಂದರೆ ಮತ್ತೆ ಕೂಡುವ ಅಗತ್ಯವಿಲ್ಲ. ಹಳೆಯ ಉತ್ತರವನ್ನೇ ಬಳಸಬಹುದು. ಮುಂದೆ ಯಾರೂ ಓದದ ಚರಕ್ಕೆ ಬೆಲೆ ತುಂಬುವ ಸಾಲನ್ನು ಅಳಿಸಿಹಾಕಬಹುದು. ಇಂತಹ ಒಂದೊಂದು ತಿದ್ದುಪಡಿಯನ್ನು ಮಾಡುವ ಭಾಗಕ್ಕೆ ಪಾಸ್ ಎನ್ನುತ್ತಾರೆ. ಆದರೆ ‘ಬದಲಾಗಿಲ್ಲ’, ‘ಮುಂದೆ ಯಾರೂ ಓದುವುದಿಲ್ಲ’ ಎಂಬ ಮಾತುಗಳಿಗೆ ಯಾರಾದರೂ ಹೊಣೆ ನಿಲ್ಲಬೇಕಲ್ಲ? ಆ ಹೊಣೆ ದತ್ತ ಪ್ರವಾಹ ವಿಶ್ಲೇಷಣೆಯದು. ಪ್ರೋಗ್ರಾಮನ್ನು ಬ್ಲಾಕ್‌ಗಳಾಗಿ ಒಡೆದು, ಪ್ರತಿ ಬ್ಲಾಕಿನ ಬಾಗಿಲಲ್ಲಿ ಯಾವ ಸಂಗತಿಗಳು ನಿಜ ಎಂಬುದನ್ನು ಗಣಗಳ ರೂಪದಲ್ಲಿ ಬರೆದು, ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಅವು ಹರಿಯುವ ರೀತಿಯನ್ನು ಸಮೀಕರಣಗಳಾಗಿ ಹೇಳುವುದೇ ಇದರ ಮೂಲ ವಿಚಾರ. ಗ್ಯಾರಿ ಕಿಲ್ಡಾಲ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇದಕ್ಕೊಂದು ಏಕರೂಪದ ಚೌಕಟ್ಟು ದೊರೆಯಿತು.

ಈ ಭಾಗವನ್ನು ಡ್ರ್ಯಾಗನ್ ಪುಸ್ತಕ ವಿವರಿಸುವ ರೀತಿ ನಿಜಕ್ಕೂ ಅಚ್ಚುಕಟ್ಟು. ಒಂದು ಬೆಲೆ ಎಲ್ಲಿಯವರೆಗೆ ತಲುಪುತ್ತದೆ, ಯಾವ ಚರ ಇನ್ನೂ ಜೀವಂತ, ಯಾವ ಲೆಕ್ಕದ ಉತ್ತರ ಈಗಾಗಲೇ ಕೈಯಲ್ಲಿದೆ ಎಂಬ ಮೂರು ಸಮಸ್ಯೆಗಳನ್ನು ಬಿಡಿಬಿಡಿಯಾಗಿ ಬಿಡಿಸಿ, ಆಮೇಲೆ ಮೂರನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಮಾಹಿತಿ ಹರಿಯುವ ದಿಕ್ಕು ಯಾವುದು, ದಾರಿಗಳು ಕೂಡುವಲ್ಲಿ ಸಂಯೋಗವೋ ಛೇದನವೋ, ಆರಂಭದ ಬೆಲೆ ಶೂನ್ಯ ಗಣವೋ ವಿಶ್ವ ಗಣವೋ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಗಣಿತದ ಅಧ್ಯಾಪಕರು ಓದಿದರೂ ಮೆಚ್ಚುವಂಥ ಪುಟಗಳಿವು.

ತೊಂದರೆ ಶುರುವಾಗುವುದು ಅಧ್ಯಾಯ ಮುಗಿದ ಮೇಲೆ. ವಿದ್ಯಾರ್ಥಿ ಸಮೀಕರಣಗಳನ್ನು ಪರೀಕ್ಷೆಯಲ್ಲಿ ಬಿಡಿಸುತ್ತಾನೆ, ಗಣಗಳು ಬದಲಾಗದೆ ನಿಂತಾಗ ‘ಉತ್ತರ ಬಂತು’ ಎಂದು ಗೆರೆ ಎಳೆಯುತ್ತಾನೆ. ಅದನ್ನೇ ಕಂಪೈಲರ್ ಒಳಗೆ ಬರೆದು ಓಡಿಸಿದಾಗ ಉತ್ತರ ತಪ್ಪಾಗಿದ್ದರೆ ಹೇಗೆ ತಿಳಿಯುತ್ತದೆ, ತಪ್ಪು ಎಲ್ಲಿದೆಯೆಂದು ಹೇಗೆ ಹುಡುಕಬೇಕು? ಈ ಪ್ರಶ್ನೆಗೆ ಅಧ್ಯಾಯದಲ್ಲಿ ಜಾಗವಿಲ್ಲ. 1986ರ ಆವೃತ್ತಿಯಲ್ಲಿ ಕಂಪೈಲರ್ ಕಟ್ಟಲು ಹೊರಟವರಿಗೆಂದೇ ಹನ್ನೊಂದನೆಯ ಅಧ್ಯಾಯವಿತ್ತು, ಅದರಲ್ಲಿ ಪರೀಕ್ಷಣೆ ಮತ್ತು ನಿರ್ವಹಣೆಯ ಬಗ್ಗೆ ಚಿಕ್ಕದೊಂದು ವಿಭಾಗವಿತ್ತು. ದೋಷಪತ್ತೆಯ ದೃಷ್ಟಿಯಿಂದ ಅದು ಸಾಲದು, ನಿಜ. ಆದರೆ 2006ರ ಆವೃತ್ತಿಯಲ್ಲಿ ಆ ಅಧ್ಯಾಯವನ್ನೇ ಕೈಬಿಟ್ಟರು. ಅನುಬಂಧದಲ್ಲಿ ನಿಜವಾದ ಪ್ರೋಗ್ರಾಮನ್ನು ಪೂರ್ತಿಯಾಗಿ ಕೊಟ್ಟಿದ್ದಾರಾದರೂ ಅದು ಕಂಪೈಲರಿನ ಮುಂಭಾಗ ಮಾತ್ರ. ಪದ ಬಿಡಿಸುವುದು, ವಾಕ್ಯ ಒಡೆಯುವುದು, ಮಧ್ಯಂತರ ಭಾಷೆಗೆ ತರುವುದು ಅಲ್ಲಿವೆ. ಆಪ್ಟಿಮೈಸೇಶನ್ ಪಾಸ್ ಒಂದೂ ಇಲ್ಲ. ಹೀಗಾಗಿ ಸುಲಭವಾದ ಭಾಗವನ್ನು ವಿದ್ಯಾರ್ಥಿ ಕೋಡ್ ರೂಪದಲ್ಲಿ ನೋಡುತ್ತಾನೆ, ಕಷ್ಟದ ಭಾಗವನ್ನು ಸಮೀಕರಣದ ರೂಪದಲ್ಲಿ ಮಾತ್ರ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಿ. ಈ ಮೂರು ಸಾಲುಗಳನ್ನು ಗಮನಿಸಿ:

ಅ = 2, ಬ = 3
ಅ = ಅ + ಬ
ಡ = ಅ + ಬ

ಎರಡನೆಯ ಸಾಲಿನ ನಂತರ ಅ ಬೆಲೆ 5. ಆದ್ದರಿಂದ ಡ ಬೆಲೆ 8 ಆಗಬೇಕು. ಈಗ ‘ಅ + ಬ ಉತ್ತರ ಕೈಯಲ್ಲಿದೆಯೇ?’ ಎಂಬ ವಿಶ್ಲೇಷಣೆಯನ್ನು ನೀವು ಬರೆಯುತ್ತಿದ್ದೀರಿ ಎಂದುಕೊಳ್ಳಿ. ಎರಡನೆಯ ಸಾಲು ಅ + ಬ ಲೆಕ್ಕವನ್ನು ಹುಟ್ಟಿಸುತ್ತದೆ. ಜೊತೆಗೆ ಅ ಬೆಲೆಯನ್ನು ಬದಲಿಸಿ ಅದೇ ಲೆಕ್ಕವನ್ನು ಕೊಲ್ಲುತ್ತದೆ. ಮೊದಲು ಹುಟ್ಟು, ಆಮೇಲೆ ಸಾವು ಎಂಬ ಅನುಕ್ರಮದಲ್ಲಿ ಬರೆದರೆ ಗಣ ಖಾಲಿಯಾಗುತ್ತದೆ. ಅದೇ ಸರಿ. ಮೊದಲು ಸಾವು, ಆಮೇಲೆ ಹುಟ್ಟು ಎಂದು ಬರೆದರೆ ಅ + ಬ ಗಣದಲ್ಲಿ ಉಳಿದುಬಿಡುತ್ತದೆ. ಆಗ ಪಾಸ್ ಬಂದು ಮೂರನೆಯ ಸಾಲಿನ ಕೂಡಿಕೆಯನ್ನು ತೆಗೆದು, ಹಿಂದೆ ಎತ್ತಿಟ್ಟಿದ್ದ 5 ಅನ್ನು ಡ ಗೆ ತುಂಬುತ್ತದೆ. 8 ಬರಬೇಕಾದಲ್ಲಿ 5!

ಪುಸ್ತಕ ಈ ಅನುಕ್ರಮದ ಬಗ್ಗೆ ಎಚ್ಚರಿಕೆ ಕೊಟ್ಟಿಲ್ಲವೇ ಎಂದರೆ, ಕೊಟ್ಟಿದೆ. ಒಂದೇ ವಾಕ್ಯದಲ್ಲಿ. ಅದನ್ನು ಮರೆತವನಿಗೆ ಏನು ಕಾದಿದೆ ಎಂಬುದನ್ನು ಮಾತ್ರ ಹೇಳಿಲ್ಲ. ಇಲ್ಲಿ ಕಂಪೈಲರ್ ಕುಸಿಯುವುದಿಲ್ಲ, ದೋಷಸಂದೇಶ ಬರುವುದಿಲ್ಲ, ಸಮೀಕರಣಗಳೂ ಶಾಂತವಾಗಿ ಒಂದು ಉತ್ತರದಲ್ಲಿ ನಿಲ್ಲುತ್ತವೆ. ವಾಕ್ಯ ಒಡೆಯುವ ಭಾಗದಲ್ಲಿ ತಪ್ಪಿದ್ದರೆ ಮೊದಲ ದಿನವೇ ಪ್ರೋಗ್ರಾಮ್ ಸ್ವೀಕೃತವಾಗದೆ ತಪ್ಪು ಬಯಲಾಗುತ್ತದೆ. ಇಲ್ಲಿನ ತಪ್ಪು ಇನ್ಯಾರದೋ ಪ್ರೋಗ್ರಾಮಿನಲ್ಲಿ, ಇನ್ಯಾವುದೋ ದಿನ, ತಪ್ಪು ಲೆಕ್ಕವಾಗಿ ಕಾಣಿಸುತ್ತದೆ. ಆ ಬಡಪಾಯಿ ತನ್ನ ಪ್ರೋಗ್ರಾಮನ್ನೇ ಅನುಮಾನಿಸುತ್ತಾ ಕೂರುತ್ತಾನೆ.

ಎಲ್ಲ ತಪ್ಪುಗಳೂ ಒಂದೇ ಬಗೆಯವಲ್ಲ. ಕತ್ತಲಲ್ಲಿ ಬಿದ್ದಿರುವ ಹಗ್ಗವನ್ನು ಹಾವೆಂದು ತಿಳಿದರೆ ಸುತ್ತು ಬಳಸಿ ಹೋಗುತ್ತೇವೆ, ಸ್ವಲ್ಪ ಹೊತ್ತು ಹಾಳು. ಹಾವನ್ನು ಹಗ್ಗವೆಂದು ತಿಳಿದು ಮೆಟ್ಟಿದರೆ ಪ್ರಾಣಕ್ಕೇ ಕುತ್ತು. ವಿಶ್ಲೇಷಣೆಯ ದೋಷಗಳಲ್ಲಿಯೂ ಈ ಎರಡು ಬಗೆಗಳಿವೆ. ಮೇಲಿನದು ಎರಡನೆಯ ಬಗೆ. ಮೊದಲನೆಯ ಬಗೆಯದು ಇನ್ನೂ ವಿಚಿತ್ರ, ಏಕೆಂದರೆ ಅದು ಯಾವ ಪರೀಕ್ಷೆಗೂ ಸಿಗುವುದಿಲ್ಲ.

ಒಂದು ಲೂಪ್ ಇದೆ ಎಂದುಕೊಳ್ಳಿ. ಮೊದಲನೆಯ ಬ್ಲಾಕಿನಲ್ಲಿ ಅ + ಬ ಲೆಕ್ಕವಾಗಿದೆ. ಎರಡನೆಯ ಬ್ಲಾಕ್ ತನಗೆ ತಾನೇ ಮರಳುವ ಲೂಪ್, ಅದು ಅ, ಬ ಎರಡನ್ನೂ ಮುಟ್ಟುವುದಿಲ್ಲ. ಮೂರನೆಯ ಬ್ಲಾಕ್ ಮತ್ತೆ ಅ + ಬ ಕೇಳುತ್ತದೆ. ಉತ್ತರ ಕೈಯಲ್ಲಿಯೇ ಇದೆ ಎಂಬುದು ನಿಮಗೂ ನನಗೂ ಕಾಣುತ್ತದೆ. ಎರಡನೆಯ ಬ್ಲಾಕಿನ ಬಾಗಿಲಿನ ಗಣ ಎಂದರೆ ಮೊದಲನೆಯ ಬ್ಲಾಕಿನಿಂದ ಬಂದದ್ದು ಮತ್ತು ಲೂಪಿನಿಂದ ಮರಳಿ ಬಂದದ್ದು, ಇವೆರಡರ ಛೇದನ. ಲೂಪಿನ ಗಣವನ್ನು ವಿಶ್ವ ಗಣದಿಂದ ಆರಂಭಿಸಿದರೆ ಅ + ಬ ಉಳಿಯುತ್ತದೆ. ಶೂನ್ಯ ಗಣದಿಂದ ಆರಂಭಿಸಿದರೆ ಮೊದಲ ಸುತ್ತಿನಲ್ಲಿಯೇ ಛೇದನ ಶೂನ್ಯವಾಗಿ, ಶೂನ್ಯವಾಗಿಯೇ ಉಳಿಯುತ್ತದೆ. ಎರಡೂ ಉತ್ತರಗಳು ಸಮೀಕರಣಕ್ಕೆ ಹೊಂದುತ್ತವೆ! ವರ್ಗ ಸಮೀಕರಣಕ್ಕೆ ಎರಡು ಮೂಲಗಳಿರುವಂತೆ ಇಲ್ಲಿಯೂ ಒಂದಕ್ಕಿಂತ ಹೆಚ್ಚು ಪರಿಹಾರಗಳಿವೆ, ನಮಗೆ ಬೇಕಾದದ್ದು ಅವುಗಳಲ್ಲಿ ದೊಡ್ಡದು. ತಪ್ಪು ಆರಂಭದಿಂದ ಹೊರಟ ಕಂಪೈಲರ್ ಸರಿಯಾದ ಪ್ರೋಗ್ರಾಮನ್ನೇ ಕೊಡುತ್ತದೆ, ಆದರೆ ನಿಧಾನವಾದದ್ದನ್ನು. ಸಾವಿರ ಪ್ರೋಗ್ರಾಮುಗಳನ್ನು ಓಡಿಸಿ ಉತ್ತರ ತಾಳೆ ನೋಡಿದರೂ ಈ ದೋಷ ಸಿಕ್ಕಿಬೀಳುವುದಿಲ್ಲ. ಹಾಗೆಂದು ವಿಶ್ವ ಗಣದಿಂದ ಹೊರಟವರು ನಿಶ್ಚಿಂತರಲ್ಲ. ಅಲ್ಲಿ ಆರಂಭದ ಊಹೆ ಅತಿ ಆಶಾವಾದದ್ದು, ಸುತ್ತು ಸುತ್ತಿಗೂ ಅದು ಕರಗುತ್ತಾ ನಿಜದ ಕಡೆಗೆ ಬರುತ್ತದೆ. ಕೆಲಸದ ಪಟ್ಟಿಗೆ ಒಂದು ಬ್ಲಾಕನ್ನು ಮರಳಿ ಸೇರಿಸಲು ಮರೆತು ಲೆಕ್ಕ ಅರ್ಧದಲ್ಲಿ ನಿಂತರೆ, ಆ ಅರೆಬೆಂದ ಉತ್ತರ ಅಪಾಯಕಾರಿ. ಹಿಂದಕ್ಕೆ ಹರಿಯುವ ವಿಶ್ಲೇಷಣೆಯಲ್ಲಿ ಹಿಂದಿನ ಬ್ಲಾಕುಗಳ ಬದಲು ಮುಂದಿನ ಬ್ಲಾಕುಗಳನ್ನು ಪಟ್ಟಿಗೆ ಸೇರಿಸುವುದು ಸುಲಭವಾಗಿ ಆಗಿಬಿಡುವ ತಪ್ಪು.

ಇನ್ನೊಂದು ಕಡೆ, ದೋಷದಂತೆ ಕಂಡರೂ ದೋಷವಲ್ಲದ್ದು ಇದೆ. ಒಂದು ದಾರಿಯಲ್ಲಿ ಅ = 4, ಬ = 6. ಇನ್ನೊಂದು ದಾರಿಯಲ್ಲಿ ಅ = 7, ಬ = 3. ಎರಡೂ ಕೂಡಿದ ಮೇಲೆ ಕ = ಅ + ಬ. ಯಾವ ದಾರಿಯಲ್ಲಿ ಬಂದರೂ ಕ ಬೆಲೆ 10. ಆದರೆ ಸ್ಥಿರಾಂಕ ಪತ್ತೆಯ ವಿಶ್ಲೇಷಣೆ ದಾರಿಗಳು ಕೂಡುವಲ್ಲಿ ಅ ಸ್ಥಿರವಲ್ಲ, ಬ ಸ್ಥಿರವಲ್ಲ ಎಂದು ಮೊದಲೇ ತೀರ್ಮಾನಿಸುವುದರಿಂದ ಕ ಕೂಡ ಸ್ಥಿರವಲ್ಲ ಎನ್ನುತ್ತದೆ. ಇದು ವಿಧಾನದ ಮಿತಿ. ಇಲ್ಲಿ ಪುಸ್ತಕದ ಸಿದ್ಧಾಂತ ಭಾಗ ನಿಜವಾಗಿ ನೆರವಿಗೆ ಬರುತ್ತದೆ, ಅದನ್ನು ಓದದ ವಿದ್ಯಾರ್ಥಿ ಇಲ್ಲದ ದೋಷವನ್ನು ದಿನಗಟ್ಟಲೆ ಹುಡುಕಬೇಕಾದೀತು.

ಇನ್ನು ಹುಡುಕುವ ಬಗೆ. ತಪ್ಪು ಉತ್ತರ ಬಂದಾಗ ಆಪ್ಟಿಮೈಸೇಶನ್ ನಿಲ್ಲಿಸಿ ಓಡಿಸಿ ನೋಡುವುದು ಎಲ್ಲರಿಗೂ ಗೊತ್ತು. ಆಗ ಉತ್ತರ ಸರಿಬಂದರೆ ಕಂಪೈಲರೇ ತಪ್ಪಿತಸ್ಥ ಎಂದು ತೀರ್ಪು ಕೊಡುವುದು ಆತುರ. ಲಿನಕ್ಸ್ ಕರ್ನಲ್‌ನ ಟನ್ ಎಂಬ ಚಾಲಕ ಭಾಗದಲ್ಲಿ 2009ರಲ್ಲಿ ಬಯಲಾದ ಪ್ರಕರಣ ಇದಕ್ಕೆ ಸಾಕ್ಷಿ. ಅಲ್ಲಿ ಪಾಯಿಂಟರ್ ಶೂನ್ಯವೇ ಎಂದು ಪರೀಕ್ಷಿಸುವ ಸಾಲಿಗೆ ಮುನ್ನವೇ ಆ ಪಾಯಿಂಟರ್ ಮೂಲಕ ಓದುವ ಸಾಲಿತ್ತು. ಶೂನ್ಯ ಪಾಯಿಂಟರ್ ಮೂಲಕ ಓದಿದರೆ ಏನಾಗಬೇಕೆಂಬುದನ್ನು ಸಿ ಭಾಷೆಯ ನಿಯಮ ಹೇಳುವುದೇ ಇಲ್ಲ. ಆದ್ದರಿಂದ ‘ಈಗಾಗಲೇ ಓದಿಯಾಗಿದೆ, ಇದು ಶೂನ್ಯವಾಗಿರಲಾರದು’ ಎಂದು ಜಿಸಿಸಿ ಕಂಪೈಲರ್ ತರ್ಕಿಸಿ ಆ ಪರೀಕ್ಷೆಯನ್ನೇ ಅಳಿಸಿತು. ಭದ್ರತೆಗೆ ಧಕ್ಕೆ ಬಂತು. ವಿಶ್ಲೇಷಣೆ ಮಾತ್ರ ನಿಯಮದ ಪ್ರಕಾರ ಸರಿಯಾಗಿಯೇ ಇತ್ತು, ತಪ್ಪು ಮೂಲ ಪ್ರೋಗ್ರಾಮಿನದು.

ಪ್ರೋಗ್ರಾಮ್ ನಿರ್ದೋಷಿ ಎಂದು ಖಚಿತವಾದ ಮೇಲೆ ಅರ್ಧಿಸುವ ವಿಧಾನ ಕೆಲಸಕ್ಕೆ ಬರುತ್ತದೆ. ಕಂಪೈಲರ್ ಮಾಡುವ ಪ್ರತಿ ತಿದ್ದುಪಡಿಗೂ ಕ್ರಮಸಂಖ್ಯೆ ಕೊಟ್ಟು, ಇಂತಿಷ್ಟರವರೆಗೆ ಮಾತ್ರ ಮಾಡು ಎಂದು ಮಿತಿ ಹಾಕಬೇಕು. ಸಾವಿರ ತಿದ್ದುಪಡಿಗಳಿದ್ದರೆ ಮೊದಲು ಐನೂರಕ್ಕೆ ನಿಲ್ಲಿಸಿ. ಉತ್ತರ ಸರಿಯಿದ್ದರೆ ದೋಷ ಮುಂದಿನ ಅರ್ಧದಲ್ಲಿ, ಇಲ್ಲದಿದ್ದರೆ ಹಿಂದಿನದರಲ್ಲಿ. ಹತ್ತು ಬಾರಿ ಹೀಗೆ ಮಾಡಿದರೆ ಒಂದೇ ತಿದ್ದುಪಡಿ ಉಳಿಯುತ್ತದೆ, ಏಕೆಂದರೆ 2ರ ಹತ್ತನೆಯ ಘಾತ 1024. ಡೇವಿಡ್ ವ್ಹಾಲಿ 1994ರಲ್ಲಿ ಇದನ್ನು ಯಂತ್ರವೇ ಮಾಡುವಂತೆ ರೂಪಿಸಿ ಪ್ರಕಟಿಸಿದರು. ಇಂದಿನ ಎಲ್‌ಎಲ್‌ವಿಎಂನಲ್ಲಿ ಪಾಸ್‌ಗಳನ್ನು ಹೀಗೆ ಎಣಿಸಿ ನಿಲ್ಲಿಸುವ ‘ಆಪ್ಟ್ ಬೈಸೆಕ್ಟ್ ಲಿಮಿಟ್’ ಎಂಬ ಆಯ್ಕೆ ಸಿದ್ಧವಾಗಿಯೇ ಸಿಗುತ್ತದೆ. ಹತ್ತನೆಯ ತರಗತಿಯ ಗಣಿತ ಸಾಕಾಗುವ ಈ ವಿಧಾನಕ್ಕೆ ಸಾವಿರ ಪುಟದ ಪುಸ್ತಕದಲ್ಲಿ ಅರ್ಧ ಪುಟ ಸಿಗಬಾರದಿತ್ತೇ?

ಆದರೆ ಹೀಗೆ ಸಿಕ್ಕಿಬಿದ್ದ ಪಾಸ್ ನಿಜವಾದ ಅಪರಾಧಿ ಆಗಿರಲೇಬೇಕೆಂದಿಲ್ಲ. ಅದು ವಿಶ್ಲೇಷಣೆ ಹೇಳಿದ್ದನ್ನು ನಂಬಿ ನಡೆದಿರುತ್ತದೆ. ಸುಳ್ಳು ಹೇಳಿದ್ದು ವಿಶ್ಲೇಷಣೆ ಇರಬಹುದು. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಾಧ್ಯತೆಯೂ ಇದೆ. ವಿಶ್ಲೇಷಣೆ ಹೇಳಿದಾಗ ಮಾತು ನಿಜವೇ ಆಗಿತ್ತು, ನಡುವೆ ಬೇರೊಂದು ಪಾಸ್ ಪ್ರೋಗ್ರಾಮನ್ನು ತಿದ್ದಿ, ‘ಹಳೆಯ ಮಾಹಿತಿ ಇನ್ನು ಸಲ್ಲದು’ ಎಂದು ಸಾರಲು ಮರೆಯಿತು. ಆಗ ವಿಶ್ಲೇಷಣೆಯೂ ಸರಿ, ಕೊನೆಯ ಪಾಸೂ ಸರಿ, ತಪ್ಪು ನಡುವಿನವನದು. ಒಂದೊಂದು ಪಾಸನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದರೆ ಇದು ಕಾಣುವುದೇ ಇಲ್ಲ. ಇಂಥಲ್ಲಿ ವಿಶ್ಲೇಷಣೆಯನ್ನು ಹೊಸದಾಗಿ ಮಾಡಿಸಿ, ಎತ್ತಿಟ್ಟುಕೊಂಡಿದ್ದ ಹಳೆಯ ಉತ್ತರದೊಡನೆ ಹೋಲಿಸಬೇಕು.

ಹಾಗಾದರೆ ವಿಶ್ಲೇಷಣೆ ಸುಳ್ಳು ಹೇಳುತ್ತಿದೆಯೇ ಎಂದು ನೇರವಾಗಿ ಪರೀಕ್ಷಿಸುವುದು ಹೇಗೆ? ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನದಲ್ಲಿ ಮಾಡಿಸಬಹುದಾದ ಉಪಾಯಗಳಿವೆ. ಒಂದು ಚರ ಇನ್ನು ಮುಂದೆ ಸತ್ತಂತೆ ಎಂದು ವಿಶ್ಲೇಷಣೆ ಹೇಳಿದ ಜಾಗದಲ್ಲಿ ಆ ಚರಕ್ಕೆ ಬೇಕೆಂದೇ ಕಸ ತುಂಬಿ, ಉದಾಹರಣೆಗೆ 99999, ಪ್ರೋಗ್ರಾಮನ್ನು ಓಡಿಸಿ. ಚರ ನಿಜಕ್ಕೂ ಸತ್ತಿದ್ದರೆ ಫಲಿತಾಂಶ ಕೂದಲೆಳೆಯಷ್ಟೂ ಬದಲಾಗಬಾರದು. ಬದಲಾದರೆ ವಿಶ್ಲೇಷಣೆ ಜೀವಂತವಾಗಿರುವುದನ್ನು ಸತ್ತಿದೆ ಎಂದಿದೆ. ಅ + ಬ ಕೈಯಲ್ಲಿದೆ ಎಂದ ಜಾಗದಲ್ಲಿ ಅದನ್ನು ಮತ್ತೆ ಕೂಡಿ, ಎತ್ತಿಟ್ಟ ಬೆಲೆಯೊಂದಿಗೆ ಹೋಲಿಸುವ ಸಾಲನ್ನು ಸೇರಿಸಿ. ನಮ್ಮ 8 ಮತ್ತು 5ರ ಉದಾಹರಣೆ ಇಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ. ಲೆಕ್ಕ ಮುಗಿಯಿತು ಎಂದ ಮೇಲೆ ಪ್ರತಿ ಬ್ಲಾಕಿನ ಸಮೀಕರಣವನ್ನು ಇನ್ನೊಮ್ಮೆ ಬೆಲೆ ಹಾಕಿ ನೋಡಿ, ಯಾವುದಾದರೂ ಗಣ ಅಲುಗಾಡಿದರೆ ಕೆಲಸದ ಪಟ್ಟಿ ಕೈಕೊಟ್ಟಿದೆ. ಈ ಕೊನೆಯ ತಾಳೆಗೆ ಶೂನ್ಯ ಗಣದ ದೋಷ ಸಿಗುವುದಿಲ್ಲ ಎಂಬುದನ್ನು ನೀವು ಆಗಲೇ ಊಹಿಸಿರಬೇಕು, ಅದೂ ಸಮೀಕರಣಕ್ಕೆ ಹೊಂದುವ ಪರಿಹಾರವೇ ತಾನೆ. ಅದಕ್ಕೆ ಕೈಯಿಂದ ಬಿಡಿಸಿದ ಉತ್ತರವೊಂದೇ ಅಳತೆಗೋಲು. ಕಸ ತುಂಬುವ ಉಪಾಯವೂ ಪ್ರೋಗ್ರಾಮ್ ನಿಜವಾಗಿ ನಡೆದ ದಾರಿಗಳ ಬಗ್ಗೆ ಮಾತ್ರ ಸಾಕ್ಷಿ ಹೇಳೀತು. ನಡೆಯದ ದಾರಿಯಲ್ಲಿರುವ ಸುಳ್ಳು ಹಾಗೆಯೇ ಉಳಿಯುತ್ತದೆ.

ಇವೆಲ್ಲ ವೃತ್ತಿನಿರತರ ಚಿಂತೆ, ಪಠ್ಯಪುಸ್ತಕಕ್ಕೆ ಸಂಬಂಧವಿಲ್ಲ ಎಂಬ ಆಕ್ಷೇಪ ಬರಬಹುದು. ವೃತ್ತಿನಿರತರ ಸ್ಥಿತಿಯನ್ನೇ ನೋಡೋಣ. ಯೂಟಾ ವಿಶ್ವವಿದ್ಯಾಲಯದ ಜಾನ್ ರೆಗೆರ್ ಮತ್ತು ಸಂಗಡಿಗರು ಸಿ ಭಾಷೆಯ ಪ್ರೋಗ್ರಾಮುಗಳನ್ನು ಯಾದೃಚ್ಛಿಕವಾಗಿ ಹೆಣೆಯುವ ‘ಸಿಸ್ಮಿತ್’ ಎಂಬ ಸಾಧನ ಮಾಡಿದರು. ಅದೇ ಪ್ರೋಗ್ರಾಮನ್ನು ಹಲವು ಕಂಪೈಲರುಗಳಿಗೆ ಕೊಟ್ಟು, ಉತ್ತರಗಳು ಭಿನ್ನವಾದರೆ ಯಾವುದೋ ಒಂದು ತಪ್ಪಿದೆ ಎಂದರ್ಥ. 2011ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಮೂರು ವರ್ಷಗಳಲ್ಲಿ 325ಕ್ಕೂ ಹೆಚ್ಚು ಹೊಸ ದೋಷಗಳು ದೊರೆತವು. ಪರೀಕ್ಷಿಸಿದ ಪ್ರತಿಯೊಂದು ಕಂಪೈಲರಿನಲ್ಲಿಯೂ ಏನಾದರೊಂದು ಸಿಕ್ಕಿತು. ಗಣಿತದ ಸಾಧನೆಯ ಮೂಲಕ ಸರಿಯೆಂದು ರುಜುವಾತು ಮಾಡಿ ಕಟ್ಟಿದ, ಫ್ರಾನ್ಸಿನ ಝೇವಿಯರ್ ಲೆರ್ವಾ ಅವರ ಕಾಂಪ್‌ಸರ್ಟ್‌ನಲ್ಲಿ ಮಾತ್ರ, ರುಜುವಾತಾದ ಮಧ್ಯಭಾಗದಲ್ಲಿ ತಪ್ಪು ಕೋಡ್ ಕೊಡುವ ದೋಷ ಒಂದೂ ಸಿಗಲಿಲ್ಲ. 2015ರಲ್ಲಿ ಬಂದ ‘ಅಲೈವ್’ ಎಂಬ ಸಾಧನ ಎಲ್‌ಎಲ್‌ವಿಎಂನ ಒಂದೇ ಪಾಸಿನಿಂದ ಆರಿಸಿದ ಮುನ್ನೂರಕ್ಕೂ ಹೆಚ್ಚು ತಿದ್ದುಪಡಿ ನಿಯಮಗಳನ್ನು ತರ್ಕದ ಮೂಲಕ ಪರೀಕ್ಷಿಸಿದಾಗ ಎಂಟು ನಿಯಮಗಳು ತಪ್ಪೆಂದು ತಿಳಿಯಿತು. ಅವನ್ನು ಬರೆದವರು ನುರಿತವರು, ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿದ್ದೂ ಆಗಿತ್ತು. 2006ರ ಪುಸ್ತಕಕ್ಕೆ 2011ರ, 2015ರ ಕೆಲಸ ತಿಳಿದಿರಲು ಸಾಧ್ಯವಿಲ್ಲ, ಅದನ್ನು ನಾನು ದೂರುವುದಿಲ್ಲ. ಆದರೆ ವ್ಹಾಲಿ ಅವರ 1994ರ ಪ್ರಬಂಧ, ಹಲವು ಕಂಪೈಲರುಗಳನ್ನು ಹೋಲಿಸಿ ಪರೀಕ್ಷಿಸುವ ಬಗ್ಗೆ ವಿಲಿಯಂ ಮೆಕೀಮನ್ 1998ರಲ್ಲಿ ಬರೆದದ್ದು, ಇವೆರಡೂ ಆಗಲೇ ಕೈಗೆ ಸಿಗುವಂತಿದ್ದವು.

ಭಾರತದಲ್ಲಿ ಸಿದ್ಧವಾದ ಒಂದು ಪುಸ್ತಕ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಮುಂಬಯಿಯ ಐಐಟಿಯ ಉದಯ್ ಖೇಡ್ಕರ್, ಅಮಿತಾಭ ಸಾನ್ಯಾಲ್ ಮತ್ತು ಬಾಗೇಶ್ರೀ ಕರ್ಕರೆ 2009ರಲ್ಲಿ ಹೊರತಂದ ‘ಡೇಟಾ ಫ್ಲೋ ಅನಾಲಿಸಿಸ್: ಥಿಯರಿ ಅಂಡ್ ಪ್ರಾಕ್ಟೀಸ್’ ಪುಸ್ತಕದಲ್ಲಿ ಸಿದ್ಧಾಂತದ ಜೊತೆಗೆ ಅದನ್ನು ನಿಜವಾದ ಜಿಸಿಸಿ ಕಂಪೈಲರಿನ ಒಳಗೆ ಜೋಡಿಸುವ ವಿವರವಿದೆ. ವಿದ್ಯಾರ್ಥಿ ಸಮೀಕರಣ ಬರೆದು, ಅದು ನಿಜವಾದ ಪ್ರೋಗ್ರಾಮಿನ ಮೇಲೆ ಏನು ಹೇಳುತ್ತದೆ ಎಂದು ಕಣ್ಣಾರೆ ನೋಡಬಹುದು. ದೋಷಪತ್ತೆಗೆ ಇದು ಮೊದಲ ಮೆಟ್ಟಿಲು. ಅಲ್ಲಿಯ ಕೋಡ್ ಆ ಕಾಲದ ಜಿಸಿಸಿಗೆ ಹೊಂದಿಸಿದ್ದು, ಇಂದು ಬಳಸುವವರು ಸಾಕಷ್ಟು ತಿದ್ದಿಕೊಳ್ಳಬೇಕಾಗುತ್ತದೆ. ಬರವಣಿಗೆಯೂ ಡ್ರ್ಯಾಗನ್ ಪುಸ್ತಕದಷ್ಟು ಸರಾಗವಾಗಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಧಾರಾಳವಾಗಿ ಹೇಳಬಹುದಾದ, ಪದವಿ ತರಗತಿಯವರಿಗೆ ಅಧ್ಯಾಪಕರ ಜೊತೆಗಿಲ್ಲದೆ ಕೊಡಬಾರದ ಪುಸ್ತಕ ಅದು.

ಡ್ರ್ಯಾಗನ್ ಪುಸ್ತಕವನ್ನೇ ಬಳಸುವ ತರಗತಿಯಲ್ಲಿ ಒಂಬತ್ತನೆಯ ಅಧ್ಯಾಯದ ಅಭ್ಯಾಸಗಳಿಗೆ ಇಂತಹದೊಂದನ್ನು ಸೇರಿಸಿ ನೋಡಿ. ಮೂರು ಅಥವಾ ನಾಲ್ಕು ಬ್ಲಾಕುಗಳ ಪ್ರೋಗ್ರಾಮನ್ನು, ಸರಿಯಾಗಿ ಬರೆದ ಒಂದು ವಿಶ್ಲೇಷಣೆಯನ್ನು, ಅದರದೇ ಮೂರು ಕೆಡಿಸಿದ ಪ್ರತಿಗಳನ್ನು ವಿದ್ಯಾರ್ಥಿಗಳಿಗೆ ಕೊಡಿ. ಒಂದರಲ್ಲಿ ಹುಟ್ಟು ಸಾವಿನ ಅನುಕ್ರಮ ಅದಲು ಬದಲು, ಇನ್ನೊಂದರಲ್ಲಿ ಆರಂಭದ ಗಣ ತಪ್ಪು, ಮತ್ತೊಂದರಲ್ಲಿ ಪಟ್ಟಿಗೆ ಒಂದು ಬ್ಲಾಕ್ ಮರಳುವುದಿಲ್ಲ. ಯಾವುದು ತಪ್ಪು ಉತ್ತರ ಕೊಡಿಸೀತು, ಯಾವುದು ಬರೀ ನಿಧಾನ ಮಾಡೀತು, ಯಾವುದು ಯಾವ ತಾಳೆಗೆ ಸಿಕ್ಕೀತು ಎಂದು ಓಡಿಸುವ ಮುನ್ನವೇ ಬರೆದುಕೊಡಲು ಹೇಳಿ, ಆಮೇಲೆ ಓಡಿಸಿ ತೋರಿಸಿ.